ಇಬ್ಬರು ಮಕ್ಕಳ ತಾಯಿ ಎಂಬ ಬೈಗುಳ

ಕೇಳುಗರಿಗೆ ನಮಸ್ಕಾರ. ಅಪಾಯಕ್ಕೆ ಎದೆಯೊಡ್ಡಿದವರ ಬಗ್ಗೆ ಪತ್ರಿಕೆಗಳು ಹೇಗೆ ಬರೆಯುತ್ತವೆ ಅನ್ನೋದೇ ಇವತ್ತಿನ ಮಾತು.

ಬ್ರಿಟನ್ನಿನ ಪರ್ವತಾರೋಹಿ ಆಲಿಸನ್ ಹಾರ್‌ಗ್ರೀವ್ಸ್ 1995ರ ಮೇ 13ರಂದು ಎವರೆಸ್ಟ್ ಹತ್ತಿದರು. ಆಮ್ಲಜನಕದ ಸಿಲಿಂಡರ್ ಇಲ್ಲ, ಶೆರ್ಪಾಗಳ ನೆರವೂ ಇಲ್ಲ. ಬ್ರಿಟನ್ನಿನ ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು. ಸರಿಯಾಗಿ ಮೂರು ತಿಂಗಳಿಗೆ, ಆಗಸ್ಟ್ 13ರಂದು, ಕೆ2 ಶಿಖರ ಮುಟ್ಟಿ ಇಳಿಯುವಾಗ ಬಿರುಗಾಳಿಗೆ ಸಿಕ್ಕಿ ತೀರಿಕೊಂಡರು.

ಅವರು ಇಬ್ಬರು ಮಕ್ಕಳ ತಾಯಿ. ಮೇ ತಿಂಗಳಲ್ಲಿ ಈ ಮೂರು ಪದ ಹೊಗಳಿಕೆಗೆ ಒಗ್ಗರಣೆಯಾಗಿತ್ತು. ಆಗಸ್ಟ್‌ನಲ್ಲಿ ಅದೇ ಆರೋಪವಾಯಿತು. ಮಗನಿಗೆ ಆರು ವರ್ಷ, ಮಗಳಿಗೆ ನಾಲ್ಕು. ಇವರಿಗೆ ಬೆಟ್ಟ ಬೇಕಿತ್ತಾ ಅಂತ ಅಂಕಣಕಾರರು ಶುರು ಮಾಡಿದರು. ಹೆಸರಿನ ಪಕ್ಕ ‘ಇಬ್ಬರು ಮಕ್ಕಳ ತಾಯಿ’ ಅಂತ ಸೇರಿಸಿದರೆ ಸಾಕು, ಬೈದ ಹಾಗೂ ಆಯಿತು, ಬೈದಿಲ್ಲ ಅನ್ನಲೂಬಹುದು. ಅದೇ ಗಾಳಿಯಲ್ಲಿ ಗಂಡಸರೂ ಸತ್ತರು. ಅವರ ಮನೆ ಮಕ್ಕಳ ವಿಚಾರ ಅಷ್ಟು ಜೋರಾಗಿ ಬರಲಿಲ್ಲ. ಬೆಟ್ಟವೇನೋ ಒಂದೇ, ಅಲ್ವಾ?

ಪತ್ರಿಕೆಗಳ ಇನ್ನೊಂದು ಅಸ್ತ್ರ ಗೇಲಿ. 2023ರ ಜೂನ್‌ನಲ್ಲಿ ಟೈಟಾನಿಕ್ ಅವಶೇಷ ನೋಡಲು ಹೊರಟ ‘ಟೈಟನ್’ ನೌಕೆ ಸಮುದ್ರದೊಳಗೆ ನುಚ್ಚುನೂರಾಗಿ ಐವರು ಸತ್ತರು. ವಿಡಿಯೋ ಗೇಮ್ ಕಂಟ್ರೋಲರ್ ಹಿಡಿದು ಅಷ್ಟು ಆಳಕ್ಕೆ ಹೋದರಂತೆ ಅಂತ ಸುದ್ದಿಮನೆಗಳು ಆಡಿಕೊಂಡವು. ಓದಲು ಮಜಾ. ಆದರೆ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲೂ ಅಂಥ ಕಂಟ್ರೋಲರ್ ಬಳಸಿದ್ದಾರೆ. ಚಿಂತೆಯ ವಿಷಯ ನೌಕೆಯ ಕಾರ್ಬನ್ ಫೈಬರ್ ಕವಚ. ಅದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟ ಹೊರಗಿನ ಸಂಸ್ಥೆ ಒಂದೂ ಇರಲಿಲ್ಲ. ನೌಕೆ ನಡೆಸುತ್ತಿದ್ದ ಕಂಪನಿಯ ಸಾಗರ ಕಾರ್ಯಾಚರಣೆ ನಿರ್ದೇಶಕ ಡೇವಿಡ್ ಲಾಕ್ರಿಜ್ 2018ರಲ್ಲೇ ಸುರಕ್ಷತೆ ಬಗ್ಗೆ ವರದಿ ಕೊಟ್ಟಿದ್ದರು. ಅವರನ್ನೇ ಕೆಲಸದಿಂದ ತೆಗೆದರು. ಈ ಎರಡು ಸಂಗತಿ ಹುಡುಕಿ ಬರೆದ ವರದಿಗಾರರಿಗೆ ಗೇಲಿಯ ಹಂಗು ಬೇಕಾಗಲಿಲ್ಲ.

ನಮ್ಮ ಪತ್ರಿಕೆಗಳಿಗೆ ಮಳೆಗಾಲದ ಪದ ‘ಹುಚ್ಚಾಟ’. ಜಲಪಾತದ ಬಂಡೆ ಮೇಲೆ ರೀಲ್ಸ್ ಮಾಡಿದರೆ ಹುಚ್ಚಾಟ, ತುಂಬಿದ ಸೇತುವೆ ಮೇಲೆ ಬೈಕ್ ನುಗ್ಗಿಸಿದರೂ ಹುಚ್ಚಾಟ. ಬೈಯಬೇಕಾದ್ದೇ, ನನ್ನದೇನೂ ತಕರಾರಿಲ್ಲ. ಜೊತೆಗೆ ‘ಎಚ್ಚರಿಕೆ ಫಲಕ ಲೆಕ್ಕಿಸದೆ’ ಅಂತಲೂ ಇರುತ್ತದೆ. ಆ ಫಲಕ ಎಲ್ಲಿತ್ತು, ಅಕ್ಷರ ಕಾಣುತ್ತಿತ್ತಾ, ಕಾವಲಿಗೆ ಯಾರಾದರೂ ಇದ್ದರಾ? ಹಗ್ಗ ಕಟ್ಟಿಕೊಂಡು ಕೆಳಗಿಳಿದ ಅಗ್ನಿಶಾಮಕ ಸಿಬ್ಬಂದಿ ಎಷ್ಟು ಹೊತ್ತು ನೀರಲ್ಲಿದ್ದರು? ಇದಿಷ್ಟು ಬರೆಯಲು ವರದಿಗಾರ ಸ್ಥಳಕ್ಕೆ ಹೋಗಬೇಕು. ‘ಹುಚ್ಚಾಟ’ವನ್ನಾದರೆ ಕುರ್ಚಿಯಲ್ಲಿ ಕೂತೇ ಬರೆಯಬಹುದು.

ನಮಸ್ಕಾರ.