ಗ್ಲೂಕೋಸ್ ಹಾಕಿದ್ರಿ, ಸರಿ. ನಿಲ್ಲಿಸೋದು ಯಾವಾಗ?

ನಮಸ್ಕಾರ. ಡ್ರಿಪ್ಸ್ ಬಾಟಲ್ ಬೇಕಿಲ್ಲದಷ್ಟು ಹೊತ್ತು ನೇತುಹಾಕಿದ್ರೆ ಆಸ್ಪತ್ರೆ ಬಿಲ್ ಬೆಳೆಯುತ್ತೆ ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ಅದ್ರ ಕೆಳಗೆ ಒಬ್ರು ಬರೆದಿದ್ದಾರೆ: "ಉಪ್ಪುನೀರಿನ ಬಾಟಲ್‌ಗೆ ಸರ್ಕಾರಾನೇ ರೇಟ್ ಕಟ್ಟಿದೆ. ಅದ್ರಲ್ಲಿ ಆಸ್ಪತ್ರೆಯವ್ರಿಗೆ ಏನ್ ಗಿಟ್ಟುತ್ತೆ? ಸುಮ್ನೆ ಹೊಟ್ಟೆಕಿಚ್ಚು ನಿಮ್ಗೆ."

ರೇಟ್ ಕಟ್ಟಿರೋದು ನಿಜ ಸ್ವಾಮಿ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಡಿ ಎನ್‌ಎಸ್ (ನಾರ್ಮಲ್ ಸಲೈನ್, ಅಂದ್ರೆ ಬರೀ ಉಪ್ಪುನೀರು), ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್, ಉಪ್ಪಿನ ಜೊತೆ ಬೇರೆ ಲವಣಗಳೂ ಇರೋ ನೀರು) ಎರಡೂ ಬರ್ತವೆ. ಆದ್ರೆ ಬಿಲ್ ಪೂರ್ತಿ ಓದಿ. ಬಾಟಲ್ ಒಂದು ಸಾಲು. ಅದ್ರ ಕೆಳಗೆ ಕ್ಯಾನುಲಾ (ರಕ್ತನಾಳದೊಳಗೆ ಇಡೋ ಸಣ್ಣ ನಳಿಕೆ), ಐವಿ ಸೆಟ್ (ಬಾಟಲ್‌ನಿಂದ ಕೈಗೆ ಬರೋ ಪೈಪ್), ತ್ರೀ-ವೇ (ಪೈಪ್ ಮಧ್ಯದ ಮೂರು ಬಾಯಿ ನಲ್ಲಿ), ಮೇಲೆ ಅಂಟಿಸೋ ಡ್ರೆಸ್ಸಿಂಗ್, ಪಂಪ್ ಬಾಡಿಗೆ, ನರ್ಸಿಂಗ್ ಚಾರ್ಜ್, ಬೆಡ್. ಬಾಟಲ್ ನೇತಾಡ್ತಾ ಇರೋವರೆಗೂ ಇವುಗಳ ಮೀಟರ್ ಓಡ್ತಾನೇ ಇರುತ್ತೆ. ಅದಕ್ಕೇ ಹೇಳೋದು: ಶುರು ಮಾಡೋ ಆರ್ಡರ್ ಬರೆಯುವಾಗ್ಲೇ ನಿಲ್ಲಿಸೋ ಟೈಮ್ ಬರೀರಿ.

ಕೇಸ್ ಶೀಟ್‌ನಲ್ಲಿ ಏನಿರುತ್ತೆ? "ಎನ್‌ಎಸ್, ಗಂಟೆಗೆ 100 ಎಂಎಲ್." ಎಷ್ಟು ಹೊತ್ತು, ಯಾಕೆ, ಕೇಳ್ಬೇಡಿ. 20 ಹನಿಗೆ 1 ಎಂಎಲ್ ಬೀಳೋ ಸೆಟ್‌ನಲ್ಲಿ ನಿಮಿಷಕ್ಕೆ 33 ಹನಿ, ದಿನಕ್ಕೆ 2.4 ಲೀಟರ್. 60 ಕೆಜಿ ಮನುಷ್ಯ ಬಾಯಲ್ಲಿ ಏನೂ ತಗೊಳ್ದೇ ಇದ್ರೂ, ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಬರೆಯೋ ನೈಸ್ (NICE) ಸಂಸ್ಥೆ ಪ್ರಕಾರ ದಿನಕ್ಕೆ ಕೆಜಿಗೆ 25ರಿಂದ 30 ಎಂಎಲ್, ಅಂದ್ರೆ ಒಂದೂವರೆಯಿಂದ 1.8 ಲೀಟರ್ ಸಾಕು. ಒಂದು ಲೀಟರ್ ಎನ್‌ಎಸ್‌ನಲ್ಲಿ 9 ಗ್ರಾಂ ಉಪ್ಪು. 2.4 ಲೀಟರ್‌ಗೆ 21.6 ಗ್ರಾಂ. ಅದೇ ಪೇಷಂಟ್ ಹತ್ರ ಡಯಟಿಷಿಯನ್ ಬಂದು ಹೇಳ್ತಾರೆ, "ಉಪ್ಪಿನಕಾಯಿ ಮುಟ್ಬೇಡಿ ಅಜ್ಜಿ"!

ಮೂರನೇ ದಿನ ಅಜ್ಜಿ ಕಾಲು ಊದುತ್ತೆ, ಉಸಿರು ಕಟ್ಟುತ್ತೆ. ಎಕ್ಸ್‌ರೇ. ಮೂತ್ರದಲ್ಲಿ ನೀರಿಳಿಸೋಕೆ ಲ್ಯಾಸಿಕ್ಸ್ ಔಷಧಿ. ಅದ್ರಿಂದ ಪೊಟ್ಯಾಸಿಯಂ ಇಳೀತು, ಮತ್ತೆ ರಕ್ತ ಟೆಸ್ಟ್. ಕ್ಯಾನುಲಾ ಇದ್ದ ಜಾಗ ಕೆಂಪಾಗಿ, ರಕ್ತನಾಳ ಹಗ್ಗದ ಥರ ಗಟ್ಟಿಯಾಯ್ತು, ಇನ್ನೊಂದು ಕೈಗೆ ಹೊಸ ಕ್ಯಾನುಲಾ. ಇಷ್ಟಕ್ಕೆಲ್ಲ ಮೂಲ ಅದೇ "ಅಗ್ಗದ" ಬಾಟಲ್. ನಿಲ್ಲಿಸೋ ಟೈಮ್ ಬರೆದಿದ್ರೆ?

"ಸುಸ್ತು ಸಾರ್, ಒಂದು ಬಾಟಲ್ ಏರಿಸಿದ್ರೆ ಶಕ್ತಿ ಬರುತ್ತೆ" ಅನ್ನೋರು ಕೇಳಿ. ಅರ್ಧ ಲೀಟರ್ ಡಿಎನ್‌ಎಸ್‌ನಲ್ಲಿ (ಉಪ್ಪುನೀರಿಗೆ ಗ್ಲೂಕೋಸ್ ಬೆರೆಸಿದ ಬಾಟಲ್) 25 ಗ್ರಾಂ ಗ್ಲೂಕೋಸ್, ಸುಮಾರು 85 ಕ್ಯಾಲರಿ. ದರ್ಶಿನೀಲಿ ನಿಂತ್ಕೊಂಡು ಎರಡು ಇಡ್ಲಿ ತಿಂದ್ರೆ ಅದು ಸಿಕ್ಕಿತು, ಚಟ್ನಿ ಬೇರೆ. (ಸಬ್‌ಸ್ಕ್ರೈಬ್ ಆಗಿಲ್ದೋರು ಈಗ ಆಗಿ, ಇಡ್ಲಿ ಕೊಡ್ಸಲ್ಲ.)

"ಹಾಗಾದ್ರೆ ಡೆಂಗ್ಯೂಗೂ ಬೇಡ್ವಾ?" ಬೇಡ ಅಂದೋರ್ಯಾರು? ಶಾಕ್ (ಬಿಪಿ ಕುಸಿದು ಅಂಗಾಂಗಗಳಿಗೆ ರಕ್ತ ಸಾಲದೆ ಹೋಗೋದು), ರಕ್ತಸ್ರಾವ, ನಿಲ್ಲದ ವಾಂತಿ ಇದ್ರೆ ತಡ ಮಾಡ್ದೆ ಹಾಕ್ಲೇಬೇಕು. ಡೆಂಗ್ಯೂನಲ್ಲಿ ಅಪಾಯದ ಲಕ್ಷಣ ಕಂಡ್ರೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ನೋಡಿ: ಒಂದೆರಡು ಗಂಟೆ ಕೆಜಿಗೆ ಗಂಟೆಗೆ 5ರಿಂದ 7 ಎಂಎಲ್, ಆಮೇಲೆ 3ರಿಂದ 5, ಆಮೇಲೆ 2ರಿಂದ 3, ಮಧ್ಯೆ ಮಧ್ಯೆ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ನೋಡ್ಕೊಂಡು. ಸಾಮಾನ್ಯವಾಗಿ 24ರಿಂದ 48 ಗಂಟೆ ಸಾಕು. ಇಳಿಸೋದೂ ಆರ್ಡರ್‌ನಲ್ಲೇ ಇದೆ! ಬಾಟಲ್‌ನಿಂದ ಪ್ಲೇಟ್‌ಲೆಟ್ ಏರಲ್ಲ. ಅಪಾಯದ ಲಕ್ಷಣ ಇಲ್ದೆ, ಕುಡಿಯೋಕೆ ಆಗೋರಿಗೆ 20.5 ಗ್ರಾಂ ಓಆರ್‌ಎಸ್ ಪೊಟ್ಟಣ, ಒಂದು ಲೀಟರ್ ನೀರು.

"ಡ್ರಿಪ್ಸ್ ಇಲ್ದಿದ್ರೆ ಇನ್ಶೂರೆನ್ಸ್‌ನವ್ರು ಅಡ್ಮಿಟ್ ಬೇಕಿಲ್ಲದ ಓಪಿಡಿ ಕೇಸ್ ಅಂತ ಕ್ಲೇಮ್ ಎತ್ತಿ ಬಿಸಾಕ್ತಾರೆ." ಆಹಾ! ಕ್ಲೇಮ್‌ಗೋಸ್ಕರ ರಕ್ತನಾಳಕ್ಕೆ ಉಪ್ಪುನೀರು. ಇದನ್ನ ಬರೆದ ಪುಣ್ಯಾತ್ಮನಿಗೆ ಪಿನ್ ಮಾಡಿ ಸನ್ಮಾನ ಮಾಡ್ತೀನಿ.

ಹಾಂ, ಬೇಗ ಮನೆಗೆ ಹೋಗ್ಬೇಕು ಅಂತ ಹನಿ ವೇಗ ಹೆಚ್ಚು-ಕಮ್ಮಿ ಮಾಡೋ ರೋಲರ್ ನೀವೇ ತಿರುಗಿಸ್ಬೇಡಿ. ಸಿಸ್ಟರ್‌ನ ಕೇಳಿ, ಡಾಕ್ಟ್ರನ್ನ ಕೇಳಿ: "ಇದು ಯಾವಾಗ ನಿಲ್ಲುತ್ತೆ ಮೇಡಂ?" ಬೈದ್ರೂ ಕೇಳಿ.

"ನೀವೇನ್ ಡಾಕ್ಟ್ರಾ?" ಅಂತ ಈಗ ಟೈಪ್ ಮಾಡ್ತಿದ್ದೀರಲ್ಲ, ಮಾಡಿ. ನಿಲ್ಲಿಸೋ ಟೈಮ್ ಬರೀರಿ, ಅಷ್ಟೇ. ಪೆನ್ ಇಲ್ವಾ? ನಮ್ಮ ಚಾನೆಲ್ ಪೆನ್ ಇದೆ, ಲಿಂಕ್ ಕೆಳಗಡೆ, ಮೆಂಬರ್ಸ್‌ಗೆ ಎರಡು ಕೊಂಡ್ರೆ ಒಂದು ಫ್ರೀ. ಮುಂದಿನ ಸಲ ಆಲ್ಬುಮಿನ್ ಅನ್ನೋ ಪ್ರೋಟೀನ್ ಡ್ರಿಪ್ಸ್ ಬಗ್ಗೆ. ಅದಕ್ಕೆ ಇನ್ನೂ ಬೈಸ್ಕೋತೀನಿ.