ನೋವು ಹೋಗದಿದ್ದರೆ ಧ್ಯಾನ ಯಾಕೆ?

[ತೆರೆಯ ಮೇಲೆ: ಹಾಸಿಗೆಯಿಂದ ಏಳುತ್ತಾ ಸೊಂಟ ಹಿಡಿದುಕೊಳ್ಳುವ ಮಹಿಳೆ]

ಬೆಳಿಗ್ಗೆ ಎದ್ದ ಕೂಡಲೇ ಸೊಂಟ ಚುಳ್ ಅನ್ನುತ್ತದೆ. ಮರುಕ್ಷಣವೇ ತಲೆಯೊಳಗೆ ಶುರು. "ಇವತ್ತೂ ಹೀಗೇನಾ? ಕೆಲಸಕ್ಕೆ ಹೋಗೋದು ಹೇಗೆ? ಜೀವನಪೂರ್ತಿ ಇದೇ ಗತೀನಾ?" ಈ ಸಂಕಟದಲ್ಲಿ ಸೊಂಟದ್ದೆಷ್ಟು, ತಲೆಯದ್ದೆಷ್ಟು?

ಬುದ್ಧ ಇದಕ್ಕೆ ಎರಡು ಬಾಣದ ಹೋಲಿಕೆ ಕೊಟ್ಟಿದ್ದಾನೆ. ಮೊದಲನೆಯದು ಮೈಗೆ ನಾಟುವ ನೋವು. ಎರಡನೆಯದು ಅದರ ಹಿಂದೆಯೇ ಮನಸ್ಸಿಗೆ ನಾಟುವ ಕೊರಗು. ಮೈಂಡ್‌ಫುಲ್‌ನೆಸ್ ಧ್ಯಾನಕ್ಕೆ, ಅಂದರೆ ಈ ಕ್ಷಣದಲ್ಲಿ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವ ಅಭ್ಯಾಸಕ್ಕೆ, ಕೆಲಸ ಇರುವುದು ಈ ಎರಡನೇ ಬಾಣದ ಹತ್ತಿರ.

[ತೆರೆಯ ಮೇಲೆ: 1979, ವುಸ್ಟರ್, ಅಮೆರಿಕ]

ಇದನ್ನು ಆಸ್ಪತ್ರೆಯೊಳಗೆ ತಂದವರಲ್ಲಿ ಮುಖ್ಯರು ಜಾನ್ ಕಬಟ್-ಜಿನ್. ಅವರು ವೈದ್ಯರಲ್ಲ, ಮಾಲಿಕ್ಯುಲರ್ ಬಯಾಲಜಿ ಓದಿದವರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲಿನಲ್ಲಿ ಕ್ಲಿನಿಕ್ ತೆರೆದರು. ಚಿಕಿತ್ಸೆಯಿಂದ ಪೂರ್ತಿ ಗುಣ ಕಾಣದ ರೋಗಿಗಳು ಅಲ್ಲಿಗೆ ಬಂದರು. ಅಲ್ಲಿ ಬೆಳೆದ ಕೋರ್ಸು ಇವತ್ತು 8 ವಾರದ್ದು. ವಾರಕ್ಕೊಮ್ಮೆ ಎರಡೂವರೆ ಗಂಟೆ ಕ್ಲಾಸು, ಮನೆಯಲ್ಲಿ ದಿನಾ ಸುಮಾರು 45 ನಿಮಿಷ. ಸಣ್ಣ ಮಾತಲ್ಲ, ಅಲ್ವಾ?

ಗುಣ ಎಷ್ಟು? 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹಳೇ ಸೊಂಟನೋವಿನ 342 ಮಂದಿ ಇದ್ದರು. 26ನೇ ವಾರದ ಹೊತ್ತಿಗೆ, ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ 100ಕ್ಕೆ 44 ಮಂದಿಗೆ ಓಡಾಟ, ಕೆಲಸ ಸುಲಭವಾಗಿತ್ತು. ಧ್ಯಾನ ಕಲಿತವರಲ್ಲಿ 100ಕ್ಕೆ ಸುಮಾರು 60. ಮಾತಿನ ಚಿಕಿತ್ಸೆಯಾದ ಸಿಬಿಟಿ ಪಡೆದವರಿಗೂ ಹೆಚ್ಚುಕಡಿಮೆ ಅಷ್ಟೇ ಉಪಯೋಗವಾಗಿತ್ತು. ಪವಾಡ ಏನಿಲ್ಲ. ಆದರೆ ವರ್ಷಗಟ್ಟಲೆ ನೋವು ತಿಂದವರಿಗೆ ಇದೂ ಕಡಿಮೆಯಲ್ಲ ಅಂತ ನನಗನಿಸುತ್ತದೆ.

ಹಾಗಂತ ಇನ್ಸುಲಿನ್, ಬಿಪಿ ಮಾತ್ರೆ ಬಿಟ್ಟು ಧ್ಯಾನಕ್ಕೆ ಕೂರಬೇಡಿ. ಹೊಸ ನೋವು ಬಂದರೆ ಮೊದಲು ಡಾಕ್ಟರ್. ಕಣ್ಣು ಮುಚ್ಚಿದರೆ ಹಳೆಯ ಆಘಾತ ಮರುಕಳಿಸುವವರೂ ಇದ್ದಾರೆ. ಅಂಥವರು ಒಬ್ಬರೇ ಶುರುಮಾಡುವುದು ಬೇಡ, ಮನೋವೈದ್ಯರನ್ನು ಕೇಳಿ.

[ತೆರೆಯ ಮೇಲೆ: ಚಾಪೆಯ ಮೇಲೆ ಅಂಗಾತ ಮಲಗಿದ ವ್ಯಕ್ತಿ]

ಈಗ ಈ ಧ್ಯಾನದ ಒಂದು ಅಭ್ಯಾಸ, ಬಾಡಿ ಸ್ಕ್ಯಾನ್. ಗಾಬರಿ ಬೇಡ, ಮೆಷಿನ್ನೂ ಇಲ್ಲ, ಬಿಲ್ಲೂ ಇಲ್ಲ. ಸುಮ್ನೆ ಮಲಗಿ. ಗಮನವನ್ನು ಎಡಗಾಲಿನ ಬೆರಳಿಗೆ ತನ್ನಿ. ಬಿಸಿಯೋ, ತಣ್ಣಗೋ, ಜುಮ್ಮೋ, ಏನೂ ಇಲ್ಲವೋ? ಇದ್ದದ್ದನ್ನು ಇದ್ದ ಹಾಗೇ ನೋಡಿ. ನಿಧಾನಕ್ಕೆ ಪಾದ, ಮಂಡಿ, ಸೊಂಟಕ್ಕೆ ಬನ್ನಿ. ನೋವಿನ ಜಾಗ ಬಂದಾಗ ಓಡಿಹೋಗಬೇಕು ಅನಿಸುತ್ತದೆ. ಎರಡು ಉಸಿರಿನಷ್ಟು ಹೊತ್ತು ಅಲ್ಲೇ ಇರಿ. ಅದು ಒಂದೇ ಸಮನೆ ಇದೆಯಾ, ಏರಿಳಿಯುತ್ತಿದೆಯಾ? ಮನಸ್ಸು ತರಕಾರಿ ಲೆಕ್ಕಕ್ಕೆ ಹೋದರೆ ಬೈಯಬೇಡಿ, ವಾಪಸ್ ಕರೆತನ್ನಿ. ಮೊದಲ ದಿನ 5 ನಿಮಿಷ ಸಾಕು.

ನಿದ್ದೆ ಬಂದುಬಿಟ್ಟರೆ? ಬರಲಿ ಬಿಡಿ, ನೋವಿರುವವರಿಗೆ ಅದೂ ಬೇಕಲ್ಲ.