ದೇಶ ದೇಶಗಳಿಂದ ಬಂದು ಸೇರುವ ವಿಮಾನ

ಕೇಳುಗರಿಗೆ ನಮಸ್ಕಾರ. ನಡುವೆ ಎರಡು ಓಡಾಟದ ದಾರಿಗಳಿರುವ ಆ ದೊಡ್ಡ ವಿಮಾನಗಳಿವೆಯಲ್ಲ, ಅವನ್ನು ಕಾರ್ಖಾನೆಯಲ್ಲಿ ಜೋಡಿಸುವ ಬಗ್ಗೆ ಇವತ್ತು ಮಾತಾಡೋಣ.

ಇವುಗಳ ಭಾಗಗಳು ಒಂದೇ ಊರಲ್ಲಿ ತಯಾರಾಗುವುದಿಲ್ಲ. ಬೋಯಿಂಗ್ 787ರ ರೆಕ್ಕೆ ಜಪಾನಿನಲ್ಲಿ ಆಗುತ್ತದೆ. ಒಡಲಿನ ಒಂದು ಭಾಗ ಇಟಲಿಯಿಂದ ಬರುತ್ತದೆ. ಇವನ್ನು ಹೊತ್ತು ತರಲೆಂದೇ ಹಳೆಯ 747 ವಿಮಾನಗಳ ಹೊಟ್ಟೆ ಹಿಗ್ಗಿಸಿ ಇಟ್ಟುಕೊಂಡಿದ್ದಾರೆ. ಏರ್‌ಬಸ್‌ನದೂ ಇದೇ ಕತೆ. ರೆಕ್ಕೆ ವೇಲ್ಸ್‌ನಿಂದ, ಒಡಲಿನ ಭಾಗಗಳು ಜರ್ಮನಿಯಿಂದ, ಬಾಲದ ಭಾಗ ಸ್ಪೇನಿನಿಂದ. ಎಲ್ಲವೂ ಸೇರುವುದು ಫ್ರಾನ್ಸಿನ ಟುಲೂಸ್‌ನಲ್ಲಿ.

ಹೀಗೆ ಬಂದ ಭಾಗಗಳು ಒಂದಕ್ಕೊಂದು ಕೂಡಬೇಕು. ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಇಲ್ಲೇ, ಅಳತೆಯಲ್ಲಿ. ಅಳತೆ ತಪ್ಪಿದರೆ ಏನಾಗುತ್ತದೆ ಎನ್ನುವುದು 2006ರಲ್ಲಿ ಏರ್‌ಬಸ್‌ನ ಎ380 ವಿಮಾನದಲ್ಲಿ ಗೊತ್ತಾಯಿತು. ಜರ್ಮನಿಯ ಹ್ಯಾಂಬರ್ಗ್‌ನವರು ಒಂದು ವಿನ್ಯಾಸ ಸಾಫ್ಟ್‌ವೇರಿನ ಹಳೆಯ ಆವೃತ್ತಿ ಬಳಸುತ್ತಿದ್ದರು, ಟುಲೂಸ್‌ನವರು ಹೊಸದನ್ನು. ಎರಡರ ಲೆಕ್ಕ ತಾಳೆಯಾಗಲಿಲ್ಲ. ಆ ವಿಮಾನದೊಳಗೆ 500 ಕಿಲೋಮೀಟರಿಗೂ ಜಾಸ್ತಿ ವಿದ್ಯುತ್ ತಂತಿ ಇದೆ. ಜೋಡಿಸಲು ಹೋದರೆ ತಂತಿಗಳು ಸಾಲಲಿಲ್ಲ! ವಿಮಾನ ಗಿರಾಕಿಗಳ ಕೈ ಸೇರುವುದು ಎರಡು ವರ್ಷದಷ್ಟು ತಡವಾಯಿತು.

ಈಗ ರೆಕ್ಕೆಯನ್ನು ಒಡಲಿಗೆ ಕೂಡಿಸುವಾಗ ಲೇಸರ್ ಹಿಡಿದು ಅಳೆಯುತ್ತಾರೆ. ಹತ್ತಾರು ಮೀಟರ್ ಉದ್ದದ ರೆಕ್ಕೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಕೂರಿಸುತ್ತಾರೆ. ಆಮೇಲೆ ತೂತು ಕೊರೆದು ಬಿಗಿಯುವ ಕೆಲಸ. ಕೊರೆದಾಗ ಬೀಳುವ ಲೋಹದ ಚೂರು ಎಲ್ಲೂ ಉಳಿಯಬಾರದು. ತಂತಿಯ ನಡುವೆ ಸಿಕ್ಕಿ ಉಜ್ಜಿದರೆ ಮುಂದೆ ಅಪಾಯ. ಉಪಕರಣವೂ ಒಳಗೆ ಉಳಿಯಬಾರದು, ಅದಕ್ಕೇ ಪಾಳಿ ಮುಗಿದಾಗ ಉಪಕರಣಗಳನ್ನೆಲ್ಲ ಎಣಿಸಿ ಇಡುತ್ತಾರೆ. ಒಂದು ಸ್ಕ್ರೂಡ್ರೈವರ್ ಕಾಣಲಿಲ್ಲ ಅಂದರೆ ಹುಡುಕಲೇಬೇಕು.

ರೆಕ್ಕೆಯ ಒಳಗೇ ಇಂಧನ ತುಂಬುತ್ತಾರೆ, ಗೊತ್ತಲ್ವಾ? ಹಾಗಾಗಿ ಪ್ರತಿ ಸಂದಿಗೂ ಸೋರದಂತೆ ಸೀಲೆಂಟ್ ಹಚ್ಚಬೇಕು. ಕೆಳಗಿರುವ ಸಣ್ಣ ಕಿಂಡಿಯಿಂದ ಒಬ್ಬ ಮನುಷ್ಯ ಒಳಗೆ ನುಸುಳಿ, ಬಗ್ಗಿ ಮಲಗಿ ಈ ಕೆಲಸ ಮಾಡುತ್ತಾನೆ. ಪ್ರಯಾಣಿಕರ ಕಣ್ಣಿಗೆ ಎಂದೂ ಬೀಳದ ಈ ದುಡಿಮೆ ಬಗ್ಗೆ ನನಗೆ ಬಹಳ ಗೌರವ.

787ರ ತೂಕದಲ್ಲಿ ಅರ್ಧದಷ್ಟು ಕಾರ್ಬನ್ ಫೈಬರಿನಂಥ ವಸ್ತುಗಳದ್ದು. ಅಲ್ಯೂಮಿನಿಯಂ ಕಾರ್ಬನ್ನಿಗೆ ತಾಗಿಕೊಂಡು ತೇವ ಸೇರಿದರೆ ಬೇಗ ಸವೆಯುತ್ತದೆ. ಅದಕ್ಕೆ ಅಂಥ ಕಡೆ ದುಬಾರಿ ಟೈಟಾನಿಯಂ ಬೇಕು.

ಎಂಜಿನ್ ಕೂರಿಸುವುದು ಹೆಚ್ಚು ಕಡಿಮೆ ಕೊನೆಗೆ. ಅಷ್ಟು ದುಬಾರಿ ವಸ್ತುವನ್ನು ಸುಮ್ನೆ ಮೊದಲೇ ತಂದು ಇಡುವುದು ಯಾಕೆ? ಆದರೆ ಎಂಜಿನ್ ಇಲ್ಲದ ವಿಮಾನವನ್ನು ಹೊರಗೆ ನಿಲ್ಲಿಸಿದರೆ ಬಾಲದ ಕಡೆ ವಾಲೀತು. ಹಾಗಾಗಿ ಆ ಜಾಗದಲ್ಲಿ ಕಾಂಕ್ರೀಟ್ ಭಾರ ತೂಗುಹಾಕುತ್ತಾರೆ.

ಸರಕು ವಿಮಾನದ ಲೆಕ್ಕವೇ ಬೇರೆ. ಕಿಟಕಿಗಳಿಲ್ಲ, ನೆಲ ಗಟ್ಟಿ, ಅದರ ಮೇಲೆ ಸರಕು ಜಾರಿಸಲು ರೋಲರ್‌ಗಳು. ಒಡಲಿನ ಪಕ್ಕದಲ್ಲಿ ದೊಡ್ಡ ಬಾಗಿಲು ಇಡಲು ಹೋದರೆ ಅಲ್ಲಿ ಒಡಲು ಸೊರಗುತ್ತದೆ. ಮೇಲೆ ಹಾರುವಾಗ ಒಳಗಿನ ಗಾಳಿ ಹೊರಕ್ಕೆ ಒತ್ತುತ್ತದಲ್ಲ, ಅದನ್ನು ತಡೆಯಲು ಬಾಗಿಲ ಸುತ್ತ ದಪ್ಪ ಚೌಕಟ್ಟು ಬೇಕು. 747ರ ಮುಂಭಾಗದ ಗೂನು ಬಂದದ್ದೂ ಸರಕಿನಿಂದಲೇ. ಮೂತಿಯನ್ನೇ ಎತ್ತಿ ಸರಕು ತುಂಬಲು ದಾರಿ ಬೇಕಿತ್ತು, ಅದಕ್ಕೆ ಪೈಲಟ್ ಕೋಣೆ ಮೇಲೆ ಹೋಯಿತು. ಈ 747ಕ್ಕಾಗಿ ಅಮೆರಿಕದ ಎವರೆಟ್‌ನಲ್ಲಿ 1967ರಲ್ಲಿ ಶುರುವಾದ ಕಾರ್ಖಾನೆ, ಒಳಜಾಗದ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಕಟ್ಟಡ. 747 ಮಾದರಿಯ ಒಟ್ಟು 1,574 ವಿಮಾನಗಳು ತಯಾರಾದವು. 2022ರ ಡಿಸೆಂಬರಿನಲ್ಲಿ ಹೊರಬಂದ ಕಟ್ಟಕಡೆಯ 747 ಕೂಡ ಸರಕು ವಿಮಾನವೇ.

ಬಣ್ಣ ಬಳಿದು ಮುಗಿದ ಮೇಲೆ ಮೊದಲು ಕಂಪನಿಯ ಪೈಲಟ್‌ಗಳು ಹಾರಿಸುತ್ತಾರೆ. ಆಮೇಲೆ ಕೊಳ್ಳುವವರ ಪೈಲಟ್‌ಗಳೂ ಹಾರಿಸಿ ನೋಡುತ್ತಾರೆ. ಅವರು ಒಪ್ಪಿದ ಮೇಲೇ ಕಾಗದಕ್ಕೆ ಸಹಿ. ನಮಸ್ಕಾರ.